ಡೆಸ್ಕ್ ಸರಿಸಿದ ಮೇಲೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ: ಮಾಡ್ಯುಲರ್ ಕಚೇರಿ ಪೀಠೋಪಕರಣಗಳ ದೋಷ ನಿವಾರಣೆ ಕೈಪಿಡಿ

ಬೆಳಿಗ್ಗೆ ಬಂದು ಕುಳಿತು ಚಾರ್ಜರ್ ಚುಚ್ಚಿದರೆ ದೀಪ ಹತ್ತುವುದಿಲ್ಲ. ಪಕ್ಕದವರಿಗೆ ಕರೆಂಟ್ ಇದೆ, ಎದುರಿನವರಿಗೆ ಇಲ್ಲ. ಒಬ್ಬರು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತಾರೆ, ಇನ್ನೊಬ್ಬರು ಮೇಜಿನ ಕೆಳಗೆ ನುಸುಳಿ ಕೈಗೆ ಸಿಕ್ಕ ವೈರನ್ನೆಲ್ಲ ಎಳೆದು ನೋಡುತ್ತಾರೆ. ಫೋನ್ ಮಾಡುವ ಅಗತ್ಯ ಎಷ್ಟೋ ಸಲ ಇರುವುದಿಲ್ಲ. ವೈರ್ ಎಳೆಯುವುದು ಮಾತ್ರ ಯಾವಾಗಲೂ ಅಪಾಯ.

ಗೋಡೆಯೊಳಗಿನ ವೈರಿಂಗ್ ಒಮ್ಮೆ ಹಾಕಿದರೆ ಅಲುಗಾಡುವುದಿಲ್ಲ. ಬೇಕಾದಂತೆ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸುವ ಡೆಸ್ಕ್‌ಗಳು ಹಾಗಲ್ಲ. ಅವುಗಳ ವಿದ್ಯುತ್ತೂ ಡೇಟಾ ಕೇಬಲ್ಲೂ ಹತ್ತಾರು ಕೀಲುಗಳನ್ನು ದಾಟಿ ಬರುತ್ತವೆ. ಕುರ್ಚಿ ತಾಗಿದಾಗ, ಡೆಸ್ಕ್ ಒಂದು ಗೇಣು ಸರಿದಾಗ, ಮೇಜನ್ನು ಮೇಲಕ್ಕೆತ್ತಿದಾಗ ಆ ಕೀಲುಗಳ ಮೇಲೆ ಎಳೆತ ಬೀಳುತ್ತದೆ. ಅದಕ್ಕೇ ಯಾವ ದೂರು ಬಂದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇತ್ತೀಚೆಗೆ ಇಲ್ಲಿ ಏನನ್ನು ಸರಿಸಿದ್ದೀರಿ? ಅರ್ಧಕ್ಕಿಂತ ಹೆಚ್ಚು ದೋಷಗಳು ಆ ಉತ್ತರದಲ್ಲೇ ಸಿಕ್ಕಿಬೀಳುತ್ತವೆ.

ಹುಡುಕಲು ಹೊರಡುವ ಮೊದಲು ದಾರಿ ತಿಳಿದಿರಲಿ. ವಿದ್ಯುತ್ತು ವಿತರಣಾ ಫಲಕದ ಎಂಸಿಬಿಯಿಂದ (ಹೊರೆ ಮಿತಿ ಮೀರಿದರೆ ತಾನೇ ಬಿದ್ದು, ಅಂದರೆ ಟ್ರಿಪ್ ಆಗಿ, ಕರೆಂಟ್ ಕಡಿಯುವ ಸ್ವಿಚ್) ಹೊರಟು ನೆಲದ ಪೆಟ್ಟಿಗೆಗೋ ಗೋಡೆಯ ಸಾಕೆಟ್‌ಗೋ ಬರುತ್ತದೆ. ಅಲ್ಲಿಂದ ಮೊದಲ ಡೆಸ್ಕಿಗೆ ಹೋಗುವ ವೈರನ್ನು ಸ್ಟಾರ್ಟರ್ ಕೇಬಲ್ ಅನ್ನುತ್ತಾರೆ. ಡೆಸ್ಕಿನಿಂದ ಡೆಸ್ಕಿಗೆ ದಾಟಿಸುವುದು ಲಿಂಕ್ ಕೇಬಲ್. ಪ್ರತಿ ಡೆಸ್ಕಿನಲ್ಲೂ ಅದರಿಂದ ಕವಲೊಡೆದ ವೈರ್ ಮೇಜಿನ ಮೇಲಿನ ಸಾಕೆಟ್ ಪಟ್ಟಿಗೆ, ಅಂದರೆ ಪವರ್ ಮಾಡ್ಯೂಲಿಗೆ ಹೋಗುತ್ತದೆ. ಡೇಟಾ ದಾರಿಯೂ ಇಂಥದ್ದೇ: ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್, ಕೇಬಲ್ಲುಗಳೆಲ್ಲ ಬಂದು ಸೇರುವ ಪ್ಯಾಚ್ ಪ್ಯಾನೆಲ್, ನೆಲದಡಿಯ ಕೇಬಲ್, ಡೆಸ್ಕಿನ ಪೋರ್ಟ್, ಕೊನೆಗೆ ಪೋರ್ಟಿನಿಂದ ನಿಮ್ಮ ಕಂಪ್ಯೂಟರಿಗೆ ಬರುವ ಗಿಡ್ಡ ಕೇಬಲ್, ಅಂದರೆ ಪ್ಯಾಚ್ ಕಾರ್ಡ್.

ಕೈ ಹಾಕುವ ಮೊದಲು

ಪ್ಲಗ್ ತೆಗೆದು ಹಾಕುವುದು, ಕಣ್ಣಿನಿಂದ ನೋಡುವುದು, ಟ್ರಿಪ್ ಆದ ಸ್ವಿಚ್ಚನ್ನು ಒಂದೇ ಒಂದು ಸಲ ಮೇಲೆತ್ತುವುದು, ಇಷ್ಟು ಯಾರು ಬೇಕಾದರೂ ಮಾಡಬಹುದು. ಲಿಂಕ್ ಕೇಬಲ್ಲಿನ ಕನೆಕ್ಟರನ್ನು ಒತ್ತಿ ಕೂರಿಸಬೇಕಾದರೆ ಆ ಸಾಲಿನ ಎಂಸಿಬಿ ಆಫ್ ಆಗಿರಬೇಕು. ಲೋಡ್ ಇರುವಾಗ ಈ ಕನೆಕ್ಟರ್‌ಗಳನ್ನು ಬಿಚ್ಚಿದರೆ ಕಿಡಿ ಹಾರಿ ಒಳಗಿನ ಲೋಹ ಸುಡುತ್ತದೆ, ಆಮೇಲೆ ಅದು ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ಸ್ಕ್ರೂ ಬಿಚ್ಚಬೇಕಾದ ಯಾವ ಕೆಲಸವೂ ನಿಮ್ಮದಲ್ಲ, ಎಲೆಕ್ಟ್ರಿಷಿಯನ್ನರದು.

ಸುಟ್ಟ ವಾಸನೆ, ಚಟಚಟ ಸದ್ದು, ಬಿಸಿಯಾದ ಪ್ಲಗ್

ಇದನ್ನು ಎಲ್ಲಕ್ಕಿಂತ ಮುಂದೆ ಇಟ್ಟಿದ್ದೇನೆ, ಏಕೆಂದರೆ ಇಲ್ಲಿ ಪರೀಕ್ಷೆ ಮಾಡುವ ಮಾತೇ ಇಲ್ಲ. ಫಲಕದಲ್ಲಿ ಆ ಸಾಲನ್ನು ಆಫ್ ಮಾಡಿ, ಮತ್ತೆ ಯಾರೂ ಆನ್ ಮಾಡದಂತೆ ಚೀಟಿ ಅಂಟಿಸಿ, ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಬಿಸಿಯಾದ ಪ್ಲಗ್ಗನ್ನು ಹಿಡಿದು ಎಳೆಯಬೇಡಿ, ಮೊದಲು ಫಲಕದಲ್ಲೇ ಆಫ್ ಆಗಲಿ. ಹೊಗೆಯೋ ಬೆಂಕಿಯೋ ಕಂಡರೆ ಎಲ್ಲರನ್ನೂ ಹೊರಗೆ ಕಳಿಸಿ ಅಗ್ನಿಶಾಮಕ ದಳಕ್ಕೆ ತಿಳಿಸಿ. ವಿದ್ಯುತ್ ಇರುವ ಬೆಂಕಿಗೆ ನೀರು ಹಾಕಲೇಬಾರದು.

ಕಾರಣ ಬಹುತೇಕ ಲೂಸ್ ಕನೆಕ್ಷನ್. ಗಟ್ಟಿಯಾಗಿ ಕೂತ ಕೀಲಿನಲ್ಲಿ ರೋಧ ಇಲ್ಲವೆಂದೇ ಹೇಳಬಹುದು. ಸಡಿಲಾಗಿ ಅರ್ಧ ಓಮ್ ರೋಧ ಹುಟ್ಟಿದರೂ, 8 ಆಂಪಿಯರ್ ಹರಿಯುವಾಗ ಆ ಒಂದು ಬಿಂದುವಿನಲ್ಲಿ 32 ವ್ಯಾಟ್ ಶಾಖ ಉತ್ಪತ್ತಿಯಾಗುತ್ತದೆ. ಅದು ಒಂದು ಸಣ್ಣ ಬೆಸುಗೆ ಕಡ್ಡಿಯ (ಸೋಲ್ಡರಿಂಗ್ ಐರನ್) ಶಾಖ. ಮೇಜಿನಡಿಯ ಪ್ಲಾಸ್ಟಿಕ್ ಕನೆಕ್ಟರಿನೊಳಗೆ ದಿನವಿಡೀ ಬೆಸುಗೆ ಕಡ್ಡಿ ಉರಿಯುತ್ತಿದ್ದರೆ ಏನಾದೀತು ಯೋಚಿಸಿ. ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಹರಿಯುತ್ತಿರುವ ಕರೆಂಟ್ ಮಿತಿಯೊಳಗೇ ಇದೆ. ಇಲ್ಲಿ ಎಚ್ಚರಿಕೆ ಕೊಡುವುದು ನಿಮ್ಮ ಮೂಗು ಮಾತ್ರ, ಅದನ್ನು ನಂಬಿ. ಸಾಕೆಟ್ಟಿನ ತೂತುಗಳ ಸುತ್ತ ಕಂದು ಬಣ್ಣ ಕಂಡರೂ ಅರ್ಥ ಇದೇ. ಆ ಮಾಡ್ಯೂಲನ್ನು ಬದಲಿಸಬೇಕು. ಒರೆಸಿ ಮತ್ತೆ ಬಳಸುವಂತಿಲ್ಲ.

ಒಂದೇ ಸಾಕೆಟ್ ಸತ್ತಿದೆ, ಉಳಿದವು ಸರಿಯಿವೆ

ಖಂಡಿತ ಕೆಲಸ ಮಾಡುವ ಒಂದು ವಸ್ತುವನ್ನು, ಉದಾಹರಣೆಗೆ ಫೋನ್ ಚಾರ್ಜರನ್ನು, ಆ ಸಾಕೆಟ್ಟಿಗೆ ಚುಚ್ಚಿ ನೋಡಿ. ಅದು ನಡೆದರೆ ತಪ್ಪು ನಿಮ್ಮ ಅಡಾಪ್ಟರಿನದು. ನಡೆಯದಿದ್ದರೆ ಸಾಕೆಟ್ಟಿನ ಪಕ್ಕ ಸಣ್ಣ ತಿರುಗುವ ಮುಚ್ಚಳ ಇದೆಯೇ ನೋಡಿ. ಕೆಲವು ಪವರ್ ಮಾಡ್ಯೂಲ್‌ಗಳಲ್ಲಿ ಪ್ರತಿ ಸಾಕೆಟ್ಟಿಗೂ ತನ್ನದೇ ಫ್ಯೂಸ್ ಇರುತ್ತದೆ, 3.15 ಅಥವಾ 5 ಆಂಪಿಯರಿನದು. 230 ವೋಲ್ಟಿನಲ್ಲಿ 3.15 ಆಂಪಿಯರ್ ಅಂದರೆ ಸುಮಾರು 725 ವ್ಯಾಟ್. ಲ್ಯಾಪ್‌ಟಾಪ್, ಮಾನಿಟರ್‌ಗಳಿಗೆ ಅದು ಧಾರಾಳ. ಕೆಟಲ್ಲೋ ಹೀಟರೋ ಚುಚ್ಚಿದರೆ ಫ್ಯೂಸ್ ಹೋಗುತ್ತದೆ, ಹೋಗಲೆಂದೇ ಅದನ್ನು ಇಟ್ಟಿರುವುದು. ಅದೇ ರೇಟಿಂಗಿನ ಫ್ಯೂಸನ್ನೇ ಹಾಕಿಸಿ. "ದೊಡ್ಡದು ಹಾಕಿದರೆ ಪದೇ ಪದೇ ಹೋಗುವುದಿಲ್ಲ" ಎಂಬ ಸಲಹೆ ಕೇಳಿದರೆ ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ.

ಫ್ಯೂಸ್ ಇಲ್ಲದ ಮಾದರಿಯಾದರೆ, ಪ್ಲಗ್ ಸಾಕೆಟ್ಟಿನಲ್ಲಿ ಜೋಲಾಡುತ್ತಿದೆಯೇ ನೋಡಿ. ಸ್ವಲ್ಪ ಒತ್ತಿ ಹಿಡಿದರೆ ಮಾತ್ರ ಕರೆಂಟ್ ಬರುವುದಾದರೆ ಒಳಗಿನ ಹಿಡಿ ಸವೆದಿದೆ. ಕಾಗದ ತುರುಕಿ ಬಿಗಿ ಮಾಡಬೇಡಿ, ಮಾಡ್ಯೂಲ್ ಬದಲಿಸಿ.

ಇಡೀ ಸಾಲಿಗೆ ಕರೆಂಟ್ ಇಲ್ಲ, ಅಥವಾ ಮಧ್ಯದಿಂದ ಆಚೆಗೆ ಇಲ್ಲ

ಎಲ್ಲಿಂದ ನಿಂತಿದೆ ಎಂಬುದೇ ಇಲ್ಲಿ ಸುಳಿವು. ಮೊದಲ ಡೆಸ್ಕಿನಿಂದಲೇ ಇಲ್ಲವೆಂದರೆ ಎಂಸಿಬಿ ನೋಡಿ, ಆಮೇಲೆ ನೆಲದ ಪೆಟ್ಟಿಗೆಯಲ್ಲಿ ಸ್ಟಾರ್ಟರ್ ಕೇಬಲ್ಲಿನ ಪ್ಲಗ್ ಪೂರ್ತಿ ಕೂತಿದೆಯೇ ನೋಡಿ. ನೆಲ ಒರೆಸುವಾಗ, ಕುರ್ಚಿಯ ಗಾಲಿ ಸಿಕ್ಕಿಕೊಂಡಾಗ ಅದು ಅರ್ಧ ಈಚೆ ಬಂದಿರುತ್ತದೆ. ಪೆಟ್ಟಿಗೆಯ ಮುಚ್ಚಳದ ಅಂಚಿಗೆ ಕೇಬಲ್ ಸಿಕ್ಕಿ ಜಜ್ಜಿದೆಯೇ ಎಂದೂ ಗಮನಿಸಿ. ಮುಚ್ಚಳದಲ್ಲಿ ಕೇಬಲ್ ಹೊರಬರಲು ಬೇರೆಯೇ ಕಿಂಡಿ ಇರುತ್ತದೆ, ಎಲ್ಲರೂ ಮರೆಯುವುದು ಅದನ್ನೇ. ಪೆಟ್ಟಿಗೆಯೊಳಗೆ ಒದ್ದೆ ಕಂಡರೆ ಮುಟ್ಟದೆ ಫಲಕದಲ್ಲೇ ಆಫ್ ಮಾಡಿಸಿ.

ನಾಲ್ಕನೇ ಡೆಸ್ಕಿನವರೆಗೆ ಇದ್ದು ಐದರಿಂದ ಇಲ್ಲವೆಂದರೆ ನಾಲ್ಕು ಮತ್ತು ಐದರ ನಡುವಿನ ಲಿಂಕ್ ಕೇಬಲ್ ಮೇಲೆ ಅನುಮಾನ. ಇಡೀ ಸಾಲನ್ನು ಆಫ್ ಮಾಡಿ, ಆ ಕನೆಕ್ಟರಿನ ಎರಡೂ ತುದಿಗಳನ್ನು ನೋಡಿ. ಇಂಥವುಗಳಲ್ಲಿ ಬೀಗದ ಕೊಕ್ಕೆ ಇರುತ್ತದೆ, ಸರಿಯಾಗಿ ಕೂತಾಗ "ಕ್ಲಿಕ್" ಎಂಬ ಸದ್ದು ಕೇಳಬೇಕು. ಸದ್ದು ಬಾರದಿದ್ದರೆ ಕೂತಿಲ್ಲ ಎಂದೇ ಲೆಕ್ಕ. ಡೆಸ್ಕ್ ಎರಡು ಇಂಚು ದೂರ ಸರಿದು ಕೇಬಲ್ ತಂತಿಯಂತೆ ಬಿಗಿದಿದ್ದರೆ ಇನ್ನಷ್ಟು ಎಳೆಯದೆ ಡೆಸ್ಕನ್ನು ಹತ್ತಿರ ತನ್ನಿ, ಇಲ್ಲವೇ ಉದ್ದದ ಲಿಂಕ್ ಕೇಬಲ್ ತರಿಸಿ.

ಕನೆಕ್ಟರ್ ಬಿಚ್ಚಿಕೊಂಡು ಬಿದ್ದಿರುವ ಕಡೆ ಒಂದು ಮಾತು. ಕರೆಂಟ್ ಬರುವ ಕಡೆಯ ತುದಿಯಲ್ಲಿ ಯಾವಾಗಲೂ ಬೆರಳು ತಾಗದಂಥ ತೂತುಗಳಿರಬೇಕು, ಚಾಚಿದ ಪಿನ್ನುಗಳಲ್ಲ. ಪಿನ್ನುಗಳು ಹೊರಗೆ ಕಾಣುವ ತುದಿಗೆ ಕರೆಂಟ್ ಬರುವಂತೆ ಯಾರಾದರೂ ಜೋಡಿಸಿದ್ದರೆ, ಎರಡೂ ಕಡೆ ಪ್ಲಗ್ ಇರುವ ವೈರ್ ಕಂಡರೆ, ಅಲ್ಲಿಗೇ ನಿಲ್ಲಿಸಿ. ಒಂದೇ ಸಾಲಿಗೆ ಎರಡು ಕಡೆಯಿಂದ ವಿದ್ಯುತ್ ಕೊಡುವುದೂ ಅಷ್ಟೇ ಅಪಾಯ: ಒಂದು ಎಂಸಿಬಿ ಆಫ್ ಮಾಡಿದವರು ಸಾಲು ಸತ್ತಿದೆ ಎಂದುಕೊಂಡು ಕೈ ಹಾಕುತ್ತಾರೆ.

ಇನ್ನೊಂದು ಬಗೆಯಿದೆ: ಒಂದು ಬಿಟ್ಟು ಒಂದು ಸಾಕೆಟ್ ಸತ್ತಿರುವುದು. ಉತ್ತರ ಅಮೆರಿಕದ ಪ್ಯಾನೆಲ್ ವ್ಯವಸ್ಥೆಗಳಲ್ಲಿ 8 ತಂತಿಗಳ ಒಂದೇ ಸರಂಜಾಮಿನಲ್ಲಿ 4 ಸರ್ಕ್ಯೂಟುಗಳು ಒಟ್ಟಿಗೆ ಸಾಗುವುದು ರೂಢಿ. ಸಾಕೆಟ್ಟಿನ ಮುಖದ ಮೇಲೆ 1ರಿಂದ 4ರವರೆಗಿನ ಸಂಖ್ಯೆ ಬರೆದಿರುತ್ತದೆ. ಸತ್ತ ಸಾಕೆಟ್ಟುಗಳೆಲ್ಲ ಒಂದೇ ಸಂಖ್ಯೆಯವಾದರೆ ಪೀಠೋಪಕರಣದಲ್ಲಿ ದೋಷವಿಲ್ಲ, ಆ ಸರ್ಕ್ಯೂಟ್ ಫಲಕದಲ್ಲಿ ಬಿದ್ದಿದೆ.

ಪದೇ ಪದೇ ಟ್ರಿಪ್ ಆಗುತ್ತದೆ

ಏನು ಟ್ರಿಪ್ ಆಯಿತು ಎಂದು ಮೊದಲು ಗುರುತಿಸಿ. ಪರೀಕ್ಷಾ ಗುಂಡಿ ಇರುವುದು ಸೋರಿಕೆ ಹಿಡಿಯುವ ಆರ್‌ಸಿಡಿ, ಅನೇಕರು ಇಎಲ್‌ಸಿಬಿ ಅನ್ನುತ್ತಾರೆ. ಬರೀ ಸನ್ನೆ (ಮೇಲೆ ಕೆಳಗೆ ಆಡುವ ಲಿವರ್) ಮಾತ್ರ ಇರುವುದು ಎಂಸಿಬಿ. ಎರಡರ ದೂರೂ ಬೇರೆ ಬೇರೆ. (ಸನ್ನೆಯೂ ಗುಂಡಿಯೂ ಒಂದರಲ್ಲೇ ಇರುವ ಜಂಟಿ ಮಾದರಿಯಾದರೆ ಎರಡೂ ಬಗೆಯ ಪರೀಕ್ಷೆ ಬೇಕಾಗುತ್ತದೆ.)

ಎಂಸಿಬಿ ಬೀಳುತ್ತಿದ್ದರೆ ಹೊರೆಯ ಲೆಕ್ಕ ಹಾಕಿ. ಒಂದು ಲ್ಯಾಪ್‌ಟಾಪಿಗೆ 65 ವ್ಯಾಟ್, ಮಾನಿಟರಿಗೆ 30 ಎಂದುಕೊಂಡರೆ ಎಂಟು ಜನರ ಸಾಲಿಗೆ 760 ವ್ಯಾಟ್. 230 ವೋಲ್ಟಿನ 16 ಆಂಪಿಯರ್ ಸರ್ಕ್ಯೂಟ್ 3680 ವ್ಯಾಟ್ ಹೊರಬಲ್ಲದು. 120 ವೋಲ್ಟಿನ 15 ಆಂಪಿಯರ್ ಸರ್ಕ್ಯೂಟ್ ಕೂಡ 1800 ವ್ಯಾಟಿನದು. ಅಂದಮೇಲೆ ಕಂಪ್ಯೂಟರ್‌ಗಳಿಂದಲೇ ಎಂಸಿಬಿ ಬೀಳುವುದು ಅಪರೂಪ. ಮೇಜಿನಡಿ ಕಾಲು ಬೆಚ್ಚಗಿಡಲು ಯಾರೋ ಇಟ್ಟುಕೊಂಡ 2000 ವ್ಯಾಟಿನ ಹೀಟರ್, ಕೆಟಲ್, ಲೇಸರ್ ಪ್ರಿಂಟರ್, ಇವುಗಳನ್ನು ಹುಡುಕಿ. ಇವು ಡೆಸ್ಕಿನ ಸಾಕೆಟ್ಟಿಗೆ ಸೇರಿದವಲ್ಲ, ಗೋಡೆಯ ಪ್ರತ್ಯೇಕ ಸಾಕೆಟ್ಟಿಗೆ ಹೋಗಲಿ. ಡೆಸ್ಕಿನ ಮಾಡ್ಯೂಲಿಗೆ ಎಕ್ಸ್‌ಟೆನ್ಷನ್ ಬೋರ್ಡ್, ಅದಕ್ಕೆ ಇನ್ನೊಂದು ಬೋರ್ಡ್ ಸಿಕ್ಕಿಸಿರುವುದು ಕಂಡರೆ ಅದನ್ನೂ ತೆಗೆಸಿ. ಬೋರ್ಡ್ ಎಷ್ಟಾದರೂ ಹೊರೆಯೆಲ್ಲ ಬೀಳುವುದು ಮೊದಲ ಪ್ಲಗ್ಗಿನ ಮೇಲೆ.

ಕರೆಂಟ್ ಹೋಗಿ ಮರಳಿದ ಕ್ಷಣದಲ್ಲೇ ಎಂಸಿಬಿ ಬಿದ್ದರೆ ಕಾರಣ ಬೇರೆ. ಅಡಾಪ್ಟರ್‌ಗಳ ಒಳಗಿನ ಕೆಪ್ಯಾಸಿಟರ್‌ಗಳು ಖಾಲಿಯಾಗಿದ್ದು, ಎಲ್ಲವೂ ಒಮ್ಮೆಗೇ ಕರೆಂಟ್ ಹೀರುತ್ತವೆ. ಅರ್ಧದಷ್ಟು ಪ್ಲಗ್ ತೆಗೆದು, ಆನ್ ಮಾಡಿ, ಒಂದೊಂದಾಗಿ ಹಾಕಿ. ಪ್ರತಿಸಲ ಹೀಗಾದರೆ ಇಂಥ ಕ್ಷಣಕಾಲದ ಹೆಚ್ಚು ಕರೆಂಟನ್ನು ತಾಳುವ ಸಿ ಮಾದರಿಯ ಎಂಸಿಬಿ ಹೊಂದುತ್ತದೆಯೇ ಎಂದು ಎಲೆಕ್ಟ್ರಿಷಿಯನ್ನರು ತೀರ್ಮಾನಿಸಬೇಕು.

ಆರ್‌ಸಿಡಿ ಬೀಳುತ್ತಿದ್ದರೆ ಸಾಲಿನ ಎಲ್ಲ ಪ್ಲಗ್ಗುಗಳನ್ನೂ ತೆಗೆಯಿರಿ. ಒಮ್ಮೆ ಮೇಲೆತ್ತಿ. ಏನೂ ಚುಚ್ಚದೆಯೇ ಮತ್ತೆ ಬಿದ್ದರೆ ದೋಷ ಲಿಂಕ್ ಕೇಬಲ್ಲಿನಲ್ಲೋ ಮಾಡ್ಯೂಲಿನಲ್ಲೋ ಇದೆ: ಡೆಸ್ಕಿನ ಕಾಲಿನಡಿ ಜಜ್ಜಿದ ಕೇಬಲ್, ಮಾಡ್ಯೂಲಿನೊಳಗೆ ಚೆಲ್ಲಿದ ಕಾಫಿ. ಇಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಆರ್‌ಸಿಡಿ ಬೀಳದೆ ನಿಂತರೆ ಒಂದೊಂದೇ ಪ್ಲಗ್ ಹಾಕುತ್ತ ಬನ್ನಿ. ಯಾವುದೋ ಒಂದನ್ನು ಹಾಕಿದಾಗಲೆಲ್ಲ ಬಿದ್ದರೆ ಕಳ್ಳ ಸಿಕ್ಕಿದ.

ಆದರೆ ಕೆಲವು ಸಲ ಯಾವ ಒಂದೂ ಕಳ್ಳನಲ್ಲ. ಹನ್ನೊಂದು ಹಾಕಿದರೂ ಸುಮ್ಮನಿರುತ್ತದೆ, ಹನ್ನೆರಡನೆಯದು ಹಾಕಿದರೆ ಬೀಳುತ್ತದೆ, ಆ ಹನ್ನೆರಡನೆಯದು ಯಾವುದಾದರೂ ಸರಿ. ಇದು ಮಾಡ್ಯುಲರ್ ಕಚೇರಿಗಳ ಖಾಸಾ ದೋಷ, ಇದಕ್ಕೆ ಎಷ್ಟೋ ಒಳ್ಳೆಯ ಅಡಾಪ್ಟರ್‌ಗಳು ಬಲಿಯಾಗಿ ಕಸಕ್ಕೆ ಹೋಗಿವೆ. ಅರ್ಥಿಂಗ್ ಇರುವ ಕಂಪ್ಯೂಟರ್ ಉಪಕರಣಗಳು ಒಳಗಿನ ಫಿಲ್ಟರಿನ ಮೂಲಕ ಸಹಜವಾಗಿಯೇ ಒಂದಿಷ್ಟು ಕರೆಂಟನ್ನು ಭೂಮಿಗೆ ಬಿಡುತ್ತವೆ. ಒಂದೊಂದರದು ಸಣ್ಣದು, ಸಾಲಿನಲ್ಲಿ ಎಲ್ಲವೂ ಕೂಡುತ್ತವೆ. 30 ಮಿಲಿಆಂಪಿಯರಿನ ಆರ್‌ಸಿಡಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು, ಅದರ ಗುಣಮಾನವೇ ಹಾಗಿದೆ. ಪರಿಹಾರ ಸಾಲನ್ನು ಎರಡು ಆರ್‌ಸಿಡಿಗಳಿಗೆ ಹಂಚುವುದು. 100 ಮಿಲಿಆಂಪಿಯರಿನದನ್ನು ಹಾಕಿ ಸದ್ದಡಗಿಸುವ ದಾರಿ ಬೇಡ, ಮನುಷ್ಯನ ಜೀವ ಕಾಯುವ ಮಟ್ಟ 30.

ಮುಟ್ಟಿದರೆ ಜುಮ್ಮೆನ್ನುತ್ತದೆ

ಕಾರ್ಪೆಟ್ ಮೇಲೆ ನಡೆದುಬಂದು ಡೆಸ್ಕಿನ ಚೌಕಟ್ಟು ಮುಟ್ಟಿದಾಗ ಒಮ್ಮೆ "ಚಟ್" ಎಂದು ಹೊಡೆದು, ಮತ್ತೆ ಮುಟ್ಟಿದರೆ ಏನೂ ಆಗದಿದ್ದರೆ ಅದು ಒಣಹವೆಯ ಸ್ಥಿರವಿದ್ಯುತ್. ಕಿರಿಕಿರಿಯಷ್ಟೇ, ಅಪಾಯವಿಲ್ಲ.

ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಮಾತ್ರ ಸವರಿದರೆ ನವಿರಾದ ಕಂಪನ ಅನಿಸುತ್ತದೆ, ಅಡಾಪ್ಟರಿಗೆ ಎರಡೇ ಪಿನ್ ಇದೆ ಎಂದಾದರೆ ಅದೂ ಬಹುಮಟ್ಟಿಗೆ ಅಡಾಪ್ಟರಿನ ಸಹಜ ಗುಣ. ಮೂರು ಪಿನ್ನಿನ ಅಡಾಪ್ಟರಿನಲ್ಲೂ ಹಾಗೆಯೇ ಅನಿಸಿದರೆ ಆ ಸಾಕೆಟ್ಟಿಗೆ ಅರ್ಥಿಂಗ್ ತಲುಪುತ್ತಿಲ್ಲ ಎಂಬ ಸಂಶಯ ಬಲವಾಗುತ್ತದೆ.

ಡೆಸ್ಕಿನ ಲೋಹದ ಕಾಲೋ ಚೌಕಟ್ಟೋ ಪ್ರತಿಸಲ ಮುಟ್ಟಿದಾಗಲೂ ಜುಮ್ಮೆಂದರೆ ಕೈ ತೆಗೆಯಿರಿ, ಎಲ್ಲರನ್ನೂ ದೂರ ಸರಿಸಿ, ಫಲಕದಲ್ಲಿ ಆಫ್ ಮಾಡಿ. ಎಲ್ಲೋ ಒಂದು ಫೇಸ್ ತಂತಿ ಲೋಹಕ್ಕೆ ತಾಗಿದೆ, ಅದನ್ನು ಭೂಮಿಗೆ ಒಯ್ಯಬೇಕಾದ ಅರ್ಥಿಂಗ್ ತುಂಡಾಗಿದೆ. ಅರ್ಥಿಂಗ್ ಇದ್ದಿದ್ದರೆ ಅಷ್ಟರಲ್ಲಿ ಟ್ರಿಪ್ ಆಗಿರುತ್ತಿತ್ತು. ಟೆಸ್ಟರ್ ದೀಪ ಹತ್ತಲಿಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಅರ್ಥಿಂಗಿನ ರೋಧವನ್ನು ಸರಿಯಾದ ಉಪಕರಣದಿಂದ ಅಳೆದವರು ಮಾತ್ರ ಆ ಡೆಸ್ಕ್ ಸುರಕ್ಷಿತ ಎಂದು ಹೇಳಬಲ್ಲರು.

ಕೆಲವು ಕಡೆ ಬೆಳಕು ಉಜ್ವಲ, ಕೆಲವು ಕಡೆ ಮಂಕು

ಒಂದು ಡೆಸ್ಕಿನ ದೀಪ ಅತಿಯಾಗಿ ಬೆಳಗಿ, ಇನ್ನೊಂದರದು ಮಂಕಾಗಿ, ಅಡಾಪ್ಟರ್‌ಗಳು ಸಾಲಾಗಿ ಸುಟ್ಟರೆ ಹಲವು ಸರ್ಕ್ಯೂಟುಗಳು ಹಂಚಿಕೊಂಡ ನ್ಯೂಟ್ರಲ್, ಅಂದರೆ ಕರೆಂಟ್ ಮರಳಿ ಹೋಗುವ ತಂತಿ, ಕಳಚಿದೆ. ಆಗ ಸಾಕೆಟ್ಟುಗಳಿಗೆ ಮಾಮೂಲಿ ವೋಲ್ಟೇಜಿಗಿಂತ ಬಹಳ ಹೆಚ್ಚು ಬರಬಹುದು. ಒಂದು ನಿಮಿಷವೂ ಕಾಯದೆ ಮುಖ್ಯ ಸ್ವಿಚ್ ಆಫ್ ಮಾಡಿ. ಬದುಕುಳಿದ ಉಪಕರಣಗಳನ್ನೂ ವೋಲ್ಟೇಜ್ ಅಳೆದು ಸರಿಯೆನ್ನುವವರೆಗೆ ಚುಚ್ಚಬೇಡಿ.

ಯುಎಸ್‌ಬಿ ಪೋರ್ಟಿನಲ್ಲಿ ಚಾರ್ಜ್ ನಿಧಾನ

ಹಳೆಯ ಚಪ್ಪಟೆ ಯುಎಸ್‌ಬಿ-ಎ ಪೋರ್ಟ್ ಸಾಮಾನ್ಯವಾಗಿ 12 ವ್ಯಾಟ್‌ವರೆಗೆ ಕೊಡುತ್ತದೆ, ಅದರಿಂದ ಲ್ಯಾಪ್‌ಟಾಪ್ ನಡೆಯದು. ಯುಎಸ್‌ಬಿ-ಸಿ ಪೋರ್ಟಿನ ಪಕ್ಕ ಬರೆದ ವ್ಯಾಟ್ ಓದಿ. ಎರಡು ಪೋರ್ಟುಗಳಿದ್ದರೆ ಅದು ಒಟ್ಟು ಮೊತ್ತವಿರಬಹುದು: ಪಕ್ಕದವರು ಫೋನ್ ಚುಚ್ಚಿದೊಡನೆ ನಿಮ್ಮ ಪಾಲು ಇಳಿಯುತ್ತದೆ. 60 ವ್ಯಾಟಿಗಿಂತ ಮೇಲೆ ಬೇಕಾದರೆ 5 ಆಂಪಿಯರ್ ತಾಳುವ, ಒಳಗೆ ಗುರುತಿನ ಚಿಪ್ ಇರುವ ಕೇಬಲ್ಲೇ ಬೇಕು. ಕೇಬಲ್ ಬದಲಿಸಿ ನೋಡುವುದೇ ಇಲ್ಲಿ ಮೊದಲ ಪರೀಕ್ಷೆ.

ನೆಟ್‌ವರ್ಕ್ ಇಲ್ಲ, ನಿಧಾನ, ಅಥವಾ ಬಂದು ಹೋಗುತ್ತದೆ

ಕಂಪ್ಯೂಟರಿನ ನೆಟ್‌ವರ್ಕ್ ಪೋರ್ಟಿನ ಸಣ್ಣ ದೀಪ ನೋಡಿ. ದೀಪ ಇಲ್ಲವೆಂದರೆ ತಂತಿಯ ಸಂಪರ್ಕವೇ ಇಲ್ಲ. ಪ್ಯಾಚ್ ಕಾರ್ಡ್ ಬದಲಿಸಿ, ಆಮೇಲೆ ಡೆಸ್ಕಿನ ಪಕ್ಕದ ಪೋರ್ಟಿಗೆ ಹಾಕಿ. ಆ ಪೋರ್ಟಿನಲ್ಲಿ ನಡೆದರೆ ನಿಮ್ಮ ಹಳೆಯ ಪೋರ್ಟ್ ನೆಟ್‌ವರ್ಕ್ ಕೊಠಡಿಯಲ್ಲಿ ಸ್ವಿಚ್ಚಿಗೆ ಜೋಡಣೆಯಾಗಿಲ್ಲದೆ ಇರಬಹುದು. ಡೆಸ್ಕ್ ಸ್ಥಳ ಬದಲಾದ ಮರುದಿನ ಬರುವ ದೂರುಗಳಲ್ಲಿ ಇದೇ ಹೆಚ್ಚು. ಪೋರ್ಟಿನ ಸಂಖ್ಯೆ ಬರೆದು ಐಟಿ ವಿಭಾಗಕ್ಕೆ ಕೊಡಿ. ದೀಪ ಇದ್ದೂ ನೆಟ್ ಇಲ್ಲವೆಂದರೆ ಸಂಪರ್ಕ ಸರಿಯಿದೆ, ವ್ಯವಸ್ಥೆಯ ಹೊಂದಿಕೆ ಸರಿಯಿಲ್ಲ, ಅದೂ ಐಟಿಯವರ ಕೆಲಸವೇ.

ವೇಗ 1 ಗಿಗಾಬಿಟ್ ಬದಲು 100 ಮೆಗಾಬಿಟ್‌ಗೆ ನಿಂತಿದ್ದರೆ ಅದೊಂದು ಚಂದದ ಸುಳಿವು. ಕೇಬಲ್ಲಿನಲ್ಲಿ 8 ತಂತಿಗಳಿವೆ. ಗಿಗಾಬಿಟ್‌ಗೆ ಎಂಟೂ ಬೇಕು, 100 ಮೆಗಾಬಿಟ್‌ಗೆ ನಾಲ್ಕೇ ಸಾಕು. ಅಂದರೆ ಒಂದು ತಂತಿಯಾದರೂ ಎಲ್ಲೋ ಕಡಿದಿರುವ ಸಾಧ್ಯತೆ ಹೆಚ್ಚು. ಕಾರ್ಡ್ ಬದಲಿಸಿದರೆ ಸರಿಹೋಗಬಹುದು. ಹೋಗದಿದ್ದರೆ ಡೆಸ್ಕಿನಡಿಯ ಕೇಬಲ್ ಎಲ್ಲಿ ಜಜ್ಜಿದೆ, ಎಲ್ಲಿ ಚೂಪಾಗಿ ಮಡಚಿದೆ ನೋಡಿ. ತಿರುವಿನ ತ್ರಿಜ್ಯ ಕೇಬಲ್ಲಿನ ದಪ್ಪದ 4 ಪಟ್ಟಿಗಿಂತ ಕಡಿಮೆಯಾಗಬಾರದು, 6 ಮಿ.ಮೀ. ಕೇಬಲ್ಲಿಗೆ 24 ಮಿ.ಮೀ. ಪ್ಲಾಸ್ಟಿಕ್ ಟೈ ಬಿಗಿದು ಕೇಬಲ್ಲಿನ ಸೊಂಟ ಮುರಿದಿದ್ದರೆ ಕತ್ತರಿಸಿ, ವೆಲ್ಕ್ರೋ ಪಟ್ಟಿ ಸಡಿಲವಾಗಿ ಕಟ್ಟಿ.

ನೆಟ್ ಕೆಟ್ಟರೆ ಪಕ್ಕದ ಕರೆಂಟ್ ವೈರನ್ನು ದೂರುವ ಅಭ್ಯಾಸ ಬಹಳ ಕಡೆ ಇದೆ. ನನ್ನ ಅನುಭವದಲ್ಲಿ ಜಜ್ಜಿದ ಕೇಬಲ್ಲೇ ಹೆಚ್ಚಿನ ಅಪರಾಧಿ. ಹಾಗೆಂದು ಎರಡನ್ನೂ ಒಂದೇ ಕಂತೆ ಕಟ್ಟಬೇಡಿ. ಮೇಜಿನಡಿ ಕೇಬಲ್ ಸಾಗುವ ಟ್ರೇಯಲ್ಲಿ ನಡುಗೋಡೆ ಇರುವುದು ಮುಖ್ಯವಾಗಿ ಸುರಕ್ಷತೆಗೆ: ಸವೆದ ವಿದ್ಯುತ್ ವೈರ್ ಡೇಟಾ ಕೇಬಲ್ಲಿಗೆ ತಾಗಬಾರದು. ಒಂದನ್ನೊಂದು ದಾಟಲೇಬೇಕಾದರೆ ಅಡ್ಡಡ್ಡಲಾಗಿ, 90 ಡಿಗ್ರಿಯಲ್ಲಿ ದಾಟಲಿ.

ಒಂದು ಕಚೇರಿಯಲ್ಲಿ ದಿನಾ ಮಧ್ಯಾಹ್ನ ಊಟದ ನಂತರ ಒಬ್ಬರ ನೆಟ್ ಹೋಗುತ್ತಿತ್ತು. ಕೇಬಲ್, ಪೋರ್ಟ್, ಸ್ವಿಚ್ ಎಲ್ಲ ಪರೀಕ್ಷಿಸಿ ಸೋತ ಮೇಲೆ ಪಕ್ಕದಲ್ಲಿ ನಿಂತು ನೋಡಿದೆ. ಪಕ್ಕದ ಡೆಸ್ಕಿನವರು ಊಟ ಮುಗಿಸಿ ನಿಂತು ಕೆಲಸ ಮಾಡಲು ಮೇಜನ್ನು ಎತ್ತುತ್ತಿದ್ದರು. ಅವರ ಟ್ರೇಯಲ್ಲಿ ಹಾದುಹೋಗಿದ್ದ ಇವರ ಪ್ಯಾಚ್ ಕಾರ್ಡ್ ಎಳೆದುಕೊಳ್ಳುತ್ತಿತ್ತು. ಬಂದು ಹೋಗುವ ದೋಷಕ್ಕೆ ಸಮಯವೇ ದೊಡ್ಡ ಸಾಕ್ಷಿ, ಗಡಿಯಾರ ನೋಡಿ ಬರೆದಿಡಿ.

ಇಡೀ ಮಹಡಿಯ ನೆಟ್ ಒಮ್ಮೆಗೇ ಕುಸಿದರೆ, ಅದೂ ಡೆಸ್ಕ್ ಮರುಜೋಡಣೆಯ ದಿನವೇ ಆದರೆ, ಎರಡೂ ತುದಿ ಡೆಸ್ಕಿನ ಪೋರ್ಟುಗಳಿಗೇ ಹೋಗಿರುವ ಪ್ಯಾಚ್ ಕಾರ್ಡ್ ಹುಡುಕಿ. ಜೋತಾಡುತ್ತಿದ್ದ ತುದಿಯನ್ನು ಖಾಲಿ ಪೋರ್ಟಿಗೆ ಯಾರೋ ಒಳ್ಳೆಯ ಮನಸ್ಸಿನಿಂದ ಸಿಕ್ಕಿಸಿರುತ್ತಾರೆ. ತಡೆ ಹಾಕಿರದ ಸ್ವಿಚ್ಚುಗಳಲ್ಲಿ ಮಾಹಿತಿ ಅದೇ ಸುತ್ತಿನಲ್ಲಿ ತಿರುಗಿ ತಿರುಗಿ ಎಲ್ಲರ ದಾರಿ ಮುಚ್ಚುತ್ತದೆ. ಎರಡು ಪೋರ್ಟುಗಳಿರುವ ಮೇಜಿನ ಫೋನಿನಿಂದಲೂ ಇದೇ ತಪ್ಪಾಗುತ್ತದೆ.

ಎತ್ತರ ಬದಲಿಸುವ ಮೇಜು ಕದಲುವುದಿಲ್ಲ

ಪ್ಲಗ್ ಕೂತಿದೆಯೇ, ಮೋಟಾರಿನ ಕೇಬಲ್ ನಿಯಂತ್ರಣ ಪೆಟ್ಟಿಗೆಯಿಂದ ಕಳಚಿದೆಯೇ ನೋಡಿ. ಸತತವಾಗಿ ಏರಿಸಿ ಇಳಿಸಿದ್ದರೆ ಮೋಟಾರ್ ಬಿಸಿಯಾಗಿ ವಿಶ್ರಾಂತಿಗೆ ನಿಂತಿರಬಹುದು. ಬಹಳಷ್ಟು ಮಾದರಿಗಳು 2 ನಿಮಿಷ ಓಡಿ 18 ನಿಮಿಷ ತಣಿಯುವಂತೆ ರೂಪಿಸಿದವು. ಆಮೇಲೂ ಕದಲದಿದ್ದರೆ, ಅಥವಾ ಎರಡು ಕಾಲುಗಳು ಏರುಪೇರಾಗಿದ್ದರೆ, ಮೇಜನ್ನು ತೀರಾ ಕೆಳಕ್ಕೆ ಇಳಿಸಿ ಇಳಿಕೆಯ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯುವ ಮರುಹೊಂದಿಕೆ ಹಲವು ಮಾದರಿಗಳಲ್ಲಿ ಇದೆ. ಕೆಳಗೆ ಯಾರ ಕಾಲೂ ಡ್ರಾಯರ್ ಪೆಟ್ಟಿಗೆಯೂ ಇರದಂತೆ ನೋಡಿಕೊಂಡೇ ಮಾಡಿ.

ಸ್ವಲ್ಪ ಮೇಲೇರಿ ತಾನೇ ಹಿಂದಕ್ಕೆ ಇಳಿದರೆ ಏನೋ ತಡೆಯುತ್ತಿದೆ, ಬಹುಪಾಲು ಅದು ಬಿಗಿದ ಕೇಬಲ್. ಕೇಬಲ್ ಉದ್ದ ಸಾಕೇ ಎಂಬುದನ್ನು ಮೇಜು ಪೂರ್ತಿ ಮೇಲಿದ್ದಾಗಲೇ ಅಳೆಯಬೇಕು. ಕುಳಿತ ಎತ್ತರದಲ್ಲಿ ಅಂದವಾಗಿ ಕಟ್ಟಿದ ಕೇಬಲ್ ಇನ್ನೂ ಅರ್ಧ ಮೀಟರ್ ಮೇಲೆ ಹೋಗಬೇಕಾಗುತ್ತದೆ.

ಕರೆಸುವಾಗ ಹೇಳಬೇಕಾದದ್ದು

"ಕರೆಂಟ್ ಇಲ್ಲ" ಎಂದಷ್ಟೇ ಹೇಳಿದರೆ ಬಂದವರು ಮೊದಲಿಂದ ಹುಡುಕಬೇಕು. ಯಾವ ಡೆಸ್ಕಿನಿಂದ ನಿಂತಿದೆ, ಬಿದ್ದದ್ದು ಎಂಸಿಬಿಯೋ ಆರ್‌ಸಿಡಿಯೋ, ಎಷ್ಟು ಹೊತ್ತಿಗೆ, ಆಗ ಏನು ಚುಚ್ಚಿತ್ತು, ಹಿಂದಿನ ಎರಡು ದಿನಗಳಲ್ಲಿ ಯಾವ ಡೆಸ್ಕ್ ಸರಿಯಿತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಫಲಕದ ಬಾಗಿಲಿಗೆ ಅಂಟಿಸಿ. ದುರಸ್ತಿ ಮುಗಿಸಿ ಅವರು ಹೊರಡುವ ಮುನ್ನ, ಬಿಚ್ಚಿದ ಪ್ರತಿ ಮಾಡ್ಯೂಲಿನ ಅರ್ಥಿಂಗ್ ಅಳೆದದ್ದನ್ನು ನಿಮ್ಮೆದುರು ತೋರಿಸಲು ಕೇಳಿ, ಆ ಅಂಕಿಯನ್ನೂ ಅದೇ ಚೀಟಿಯಲ್ಲಿ ಬರೆದುಕೊಳ್ಳಿ.